ಭಾವನ ದೋಣಿಯನ್ನು ನಾನು ಒಗೆದದ್ದು

ಮೋಟಾರಿನ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮುಂಬಯಿಯ ಹನ್ನೆರಡು ಮಾಳಿಗೆಯ ಕಟ್ಟಡವೊಂದರಲ್ಲಿ ಮೂವತ್ತೊಂದು ವರ್ಷ ಲಿಫ್ಟ್‌ಮ್ಯಾನ್ ಆಗಿ ಸೇವೆ ಸಲ್ಲಿಸಿ, ಹಾರ ಹಾಕಿಸಿಕೊಂಡು ನಿವೃತ್ತನಾದವನು ನಾನು. ಸೇಠ್‌ಜಿಗಳು, ಅವರ ಹೆಂಡಂದಿರು, ಅವರ ನಾಯಿಗಳು, ಒಮ್ಮೆ ಬ್ಯಾಂಡಿನ ಸಮೇತ ಒಂದು ಮದುವೆ ದಿಬ್ಬಣ, ಎಲ್ಲರನ್ನೂ ಮೇಲಕ್ಕೆ ಎತ್ತಿದ ಕೈ ಇದು. "ಲಿಫ್ಟ್ ಹಾಳಾರೆ ಎಂತ ಮಾಡ್ತಿದ್ರಿ?" ಎಂದು ನನ್ನ ಹೆಂಡತಿ ಗಿರಿಜೆ ನೆಂಟರ ಎದುರೇ ಕೇಳುವುದುಂಟು. ಬಾಗಿಲಿಗೆ 'ಲಿಫ್ಟ್ ಬಂದ್ ಹೈ' ಎಂಬ ಹಲಗೆ ನೇತುಹಾಕುತ್ತಿದ್ದೆ. ಅದೂ ಒಂದು ಜವಾಬ್ದಾರಿಯೇ ಸ್ವಾಮಿ!

ಕಿರಿಮಂಜೇಶ್ವರದ ಕಡಲ ಬದಿಯಲ್ಲಿ ನಮ್ಮ ಮನೆ. ಅಲ್ಲಿಯ ಉಪ್ಪು ಗಾಳಿ ಕಬ್ಬಿಣವನ್ನು ಹಪ್ಪಳದ ಹಾಗೆ ತಿನ್ನುತ್ತದೆ. ಹೋದ ವರ್ಷ ಅದು ನಮ್ಮ ವಾಷಿಂಗ್ ಮಷಿನ್ ತಿಂದಿತು. ರಿಪೇರಿಯವನು ಬಂದು, ಗುಂಡು ಬಾಗಿಲು ತೆಗೆದು, ಡ್ರಮ್ಮನ್ನು ಕೈಯಲ್ಲಿ ಅಲುಗಾಡಿಸಿ, "ಇದರ ಕಥೆ ಮುಗೀತ್. ಮೋಟಾರ್ ಮಾತ್ರ ಲಾಯ್ಕ್ ಇತ್ತ್" ಎಂದು ಹೋದ. ಅವನ ಮೊದಲನೆಯ ಮಾತು ಗಿರಿಜೆಗೆ ಕೇಳಿಸಿತು. ಎರಡನೆಯದು ನನಗೆ ಕೇಳಿಸಿತು.

ಅರ್ಧ ದಿನ ಬೆವರು ಸುರಿಸಿ ಮೋಟಾರನ್ನು ಬಿಚ್ಚಿದೆ. ಜೊತೆಗೆ ಬೆಲ್ಟನ್ನೂ ದೊಡ್ಡ ಗಾಲಿಯನ್ನೂ ತೆಗೆದಿಟ್ಟುಕೊಂಡೆ. ಉಳಿದ ಡಬ್ಬವನ್ನು ಬಾಗಿಲಿಗೆ ಬಂದ ಗುಜರಿಯವನಿಗೆ ಕೊಟ್ಟೆ. ಅವನು ಪ್ರಾಮಾಣಿಕ ಮನುಷ್ಯ. ಗುಂಡಿಗಳಿದ್ದ ಮುಂದಿನ ಪಟ್ಟಿಯನ್ನೂ ಅದರ ಹಿಂದೆ ಅಂಟಿಕೊಂಡಿದ್ದ ಹಸಿರು ಪ್ಲೇಟನ್ನೂ ಎತ್ತಿ ತೋರಿಸಿ, "ಇದೂ ಬ್ಯಾಡ್ವಾ ಅಣ್ಣ?" ಎಂದು ಕೇಳಿದ.

"ತಕಂಡ್ ಹೋಗ್ ಮಾರಾಯ, ಕಸ" ಎಂದೆ ನಾನು. ಮೋಟಾರನ್ನು ಕೈಯಲ್ಲಿ ಹಿಡಿದವನಿಗೆ ಗುಂಡಿ ಯಾಕೆ?

ಈ ಮೋಟಾರಿನಿಂದ ಏನು ಮಾಡಬೇಕೆಂದು ಮಾತ್ರ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಶೀನ ಭಾವನ ಸುದ್ದಿ ಬಂತು.

ಶೀನ ಭಾವ ಎಂದರೆ ಗಿರಿಜೆಯ ಅಣ್ಣ. ನಾನು ಅವರಿಗೆ ಭಾವ, ಅವರು ನನಗೆ ಭಾವ. ವಯಸ್ಸು ಅರವತ್ತರ ಆಚೆ. ಅವರ ಹತ್ತಿರ ಒಂದು ಪಾತಿ ದೋಣಿ ಇದೆ, ಒಬ್ಬರೋ ಇಬ್ಬರೋ ಕೂತು ಹೋಗುವ ಸಣ್ಣ ಮರದ ದೋಣಿ. ಬೆಳಕು ಹರಿಯುವ ಮುಂಚೆ ಕಡಲಿಗೆ ಇಳಿದರೆ ಎಂಟು ಗಂಟೆಯ ಸುಮಾರಿಗೆ ದಡಕ್ಕೆ ಬರುತ್ತಾರೆ. ಕಡಲಿಗೆ ಹೋಗದ ದಿನ ಅವರ ಮುಖ ನೋಡಬಾರದು, ಹಬ್ಬದ ದಿನ ಜ್ವರ ಬಂದ ಮಗುವಿನ ಮುಖ. ಆ ದೋಣಿಯನ್ನು ಅವರು ಮಾರುತ್ತಾರಂತೆ! ಹೆದ್ದಾರಿ ಬದಿಯ ಯಾವುದೋ ರೆಸಾರ್ಟಿನವರು ಮುಂದಿನ ಆಯ್ತಾರ ಬಂದು ತೆಗೆದುಕೊಂಡು ಹೋಗಿ, ಗೇಟಿನ ಹತ್ತಿರ ಇಟ್ಟು, ಅದರೊಳಗೆ ಮಣ್ಣು ತುಂಬಿ ಹೂವಿನ ಗಿಡ ನೆಡುತ್ತಾರಂತೆ.

ಗಿರಿಜೆ ಹೊಲಿಗೆ ಮಷಿನಿನ ಮುಂದೆ ಕೂತು ಕಣ್ಣೊರೆಸಿಕೊಂಡಳು. "ಅಪ್ಪಯ್ಯ ಮಾಡ್ಸಿದ್ ದೋಣಿ. ಅದ್ರಂಗೆ ಮಣ್ಣ್ ತುಂಬ್ತ್ರಂಬ್ರ್!"

ನಾನು ಕೂಡಲೇ ಭಾವನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದರು. ಎಡಗೈ ಯಾಕೋ ಸರಿಯಾಗಿ ಮೇಲೇಳುತ್ತಿರಲಿಲ್ಲ.

"ಎಂತಕ್ಕೆ ಭಾವ, ದೋಣಿ ಕೊಡೂದ್?"

ಅವರು ತಲೆ ಎತ್ತಲಿಲ್ಲ. "ಮೇಲ್ ಎಳುಕೆ ಜನ ಇಲ್ಲೆ ಭಾವ" ಎಂದರು. ಅಷ್ಟೇ.

ಅಷ್ಟು ಸಾಕಾಯಿತು ನನಗೆ! ಮೇಲಕ್ಕೆ ಎಳೆಯುವುದು! ಅದಕ್ಕೆ ಜನ ಇಲ್ಲ! ನನ್ನ ಮನೆಯ ಮೂಲೆಯಲ್ಲಿ ಮೋಟಾರು ಇದೆ, ನನ್ನ ಬೆನ್ನ ಹಿಂದೆ ಮೂವತ್ತೊಂದು ವರ್ಷದ ಎತ್ತುವ ಅನುಭವ ಇದೆ. ದೇವರು ಇಷ್ಟು ಸ್ಪಷ್ಟವಾಗಿ ಮಾತಾಡುವುದು ಅಪರೂಪ. ಅವರು ಇನ್ನೇನೋ ಹೇಳುವವರ ಹಾಗೆ ಬಾಯಿ ತೆರೆದಿದ್ದರು. ಆದರೆ ನಾನು ಆಗಲೇ ಅಂಗಳ ದಾಟಿದ್ದೆ.

ಗಿರಿಜೆ ಹೇಳಿದಳು: "ಒಂದ್ಸಲ ಅಣ್ಣನತ್ರ ಕೂಕಂಡ್ ಮಾತಾಡಿ ಮರಾಯ್ರೆ. ಜನ ಇಲ್ಲೆ ಅಂದ್ರೆ ಎಂತ? ಕಡಲ್ ಬದಿ ತುಂಬ ಜನವೇ ಇದ್ರಲ್ದಾ?"

"ಮಾತಾಡ್ರೆ ದೋಣಿ ಮೇಲ್ ಬತ್ತಾ? ಮೋಟಾರ್ ಬೇಕ್!" ಎಂದೆ.

ಆಯ್ತಾರಕ್ಕೆ ಇನ್ನು ಎಂಟು ದಿನ ಇತ್ತು.

ಮೋಟಾರಿನಿಂದ ಏಳು ವೈರುಗಳು ಹೊರಗೆ ಬಂದಿದ್ದವು. ಮನುಷ್ಯನಿಗೆ ಅರ್ಥವಾಗುವುದು ಎರಡು ವೈರು, ಹೆಚ್ಚೆಂದರೆ ಮೂರು. ಏಳು ಎಂದರೆ ಅದು ಸಪ್ತರ್ಷಿ ಮಂಡಲ. ಕುಂದಾಪುರದ ಎಲೆಕ್ಟ್ರಿಕ್ ಅಂಗಡಿಗೆ ಹೋಗಿ, ಮೋಟಾರಿನ ವೇಗ ಹಿಡಿತದಲ್ಲಿಡುವ ಕಂಟ್ರೋಲರ್ ಬೇಕು ಎಂದು ಕೇಳಿದೆ. ಎಂತಕ್ಕೆ ಎಂದು ಅಂಗಡಿಯವರು ಕೇಳಿದರು. ದೋಣಿ ಎಳೆಯಲಿಕ್ಕೆ ಎಂದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಒಳಗೆ ಹೋಗಿ, ಒಂದು ಫ್ಯಾನ್ ರೆಗ್ಯುಲೇಟರ್ ತಂದುಕೊಟ್ಟರು. ನನ್ನನ್ನು ಬೇಗ ಕಳಿಸುವುದು ಅವರ ಉದ್ದೇಶವಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮನೆಗೆ ತಂದು, ಏಳರಲ್ಲಿ ದಪ್ಪಗೆ ಕಂಡ ಎರಡು ವೈರಿಗೆ ಜೋಡಿಸಿ, ಸ್ವಿಚ್ ಒತ್ತಿದೆ. ಮೋಟಾರು ಊಟಕ್ಕೆ ಕರೆದರೂ ಏಳದ ಅಳಿಯನ ಹಾಗೆ ಹೂಂ ಹೂಂ ಅಂದಿತು, ಏಳಲಿಲ್ಲ. ರೆಗ್ಯುಲೇಟರನ್ನು ಒಂದರಿಂದ ಐದಕ್ಕೆ ತಿರುಗಿಸಿದೆ. ರೆಗ್ಯುಲೇಟರೇ ಹೊಗೆಯಾಡಿತು. ಮನೆ ತುಂಬ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ.

"ಎಂತ ಸುಡ್ತಾ ಇತ್ತ್?" ಗಿರಿಜೆ ಅಡುಗೆ ಮನೆಯಿಂದ ಕೇಳಿದಳು.

"ಎಂತದೂ ಇಲ್ಲೆ. ಪರೀಕ್ಷೆ."

ಆಗ ನನ್ನ ಕಣ್ಣು ಅವಳ ಹೊಲಿಗೆ ಮಷಿನಿನ ಮೇಲೆ ಬಿತ್ತು. ಅದಕ್ಕೂ ಒಂದು ಮೋಟಾರು ಇದೆ. ಕಾಲಿನಲ್ಲಿ ಒತ್ತುವ ಪೆಡಲ್ ಇದೆ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರು ಒತ್ತಿದರೆ ಜೋರು. ಇದು ಕಂಟ್ರೋಲರ್ ಅಲ್ಲದಿದ್ದರೆ ಮತ್ತೇನು? ಮನೆಯಲ್ಲೇ ಇಟ್ಟುಕೊಂಡು ಕುಂದಾಪುರಕ್ಕೆ ಬಸ್ಸಿನಲ್ಲಿ ಹೋದೆನಲ್ಲ! ಗಿರಿಜೆ ಮೀನು ತರಲು ಹೋದ ಹೊತ್ತು ನೋಡಿ ಪೆಡಲನ್ನು ಬಿಚ್ಚಿ ಮೋಟಾರಿಗೆ ಹಚ್ಚಿದೆ. ಈ ಸಲ ಬೇರೆ ಎರಡು ವೈರು.

ಮೆಲ್ಲಗೆ ಒತ್ತಿದೆ. ಏನೂ ಇಲ್ಲ. ಇನ್ನೊಂದು ಚೂರು ಒತ್ತಿದೆ. ಏನೂ ಇಲ್ಲ. ಇನ್ನೂ ಒಂದೇ ಒಂದು ಚೂರು...

ಅಯ್ಯೋ ದೇವರೇ! ಮೋಟಾರು ಕಿರುಚಿತು. ಮೇಜಿನಿಂದ ಹಾರಿ, ನೆಲದ ಮೇಲೆ ಗಿರಕಿ ಹೊಡೆದು, ವೈರನ್ನು ಬಾಲದ ಹಾಗೆ ಎಳೆದುಕೊಂಡು ಮಂಚದ ಅಡಿಗೆ ನುಗ್ಗಿತು. ಮಂಚದ ಅಡಿಯಲ್ಲಿ ಮಲಗಿದ್ದ ಬೆಕ್ಕು ಕಿಟಕಿಯಿಂದ ಹೋದದ್ದು ಮೂರು ದಿನ ಬರಲಿಲ್ಲ. ನಾನು ಪೆಡಲಿನಿಂದ ಕಾಲು ತೆಗೆದರೂ ಮೋಟಾರು ನಿಲ್ಲಲಿಲ್ಲ, ಯಾಕೆಂದರೆ ಪೆಡಲ್ ಅಷ್ಟರಲ್ಲಿ ಒಳಗೇ ಕರಗಿ ಒಂದೇ ಮುದ್ದೆಯಾಗಿತ್ತು. ಕೊನೆಗೆ ಮೇನ್ ಸ್ವಿಚ್ ತೆಗೆದೆ.

ಗಿರಿಜೆ ಬಂದು ನೋಡಿದಳು. ಬಾಗಿಲಲ್ಲೇ ನಿಂತಳು. ಒಂದು ಮದುವೆ ಮನೆಯ ಆರು ರವಿಕೆ ಹೊಲಿಯುವುದು ಬಾಕಿ ಇತ್ತು ಅವಳಿಗೆ.

"ಅಣ್ಣನ ದೋಣಿ ಉಳ್ಸುಕೆ ಹೋಯಿ ನನ್ನ ಹೊಟ್ಟಿಗೇ ಹೊಡದ್ರಿಯಲೆ!" ಎಂದಳು. ಮೀನಿನ ಚೀಲವನ್ನು ನೆಲಕ್ಕೆ ಇಟ್ಟ ರೀತಿ ನೋಡಿಯೇ ಇವತ್ತು ನನಗೆ ಊಟ ಇಲ್ಲ ಎಂದು ತಿಳಿಯಿತು. ಆರು ರವಿಕೆಯನ್ನೂ ಅವಳು ಪಕ್ಕದ ಮನೆಯ ತುಳಿಯುವ ಮಷಿನಿನಲ್ಲಿ ಕೂತು ಹೊಲಿದಳು. ನಾನು ಆ ನಾಲ್ಕು ದಿನ ಪಾತ್ರೆ ತೊಳೆದೆ, ಅದರ ನಡುವೆಯೇ ಊರೂರು ಅಲೆದೆ. ಇದನ್ನು ಇಲ್ಲಿ ದಾಖಲಿಸುವುದು ನ್ಯಾಯ.

ಮೊದಲು ಹೋದದ್ದು ಹೆಮ್ಮಾಡಿಗೆ. ಅಲ್ಲಿ ಪಂಪಿನ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಗೋಪಾಲಣ್ಣ ಇದ್ದಾರೆ. ಮಾತು ಕಡಿಮೆ. ಮೋಟಾರನ್ನು ಕೈಯಲ್ಲಿ ತಿರುಗಿಸಿ, ಮೂಸಿ ನೋಡಿ, "ಸುಟ್ಟಿಲ್ಲೆ. ನಿಮ್ಮ ಪುಣ್ಯ" ಎಂದರು.

ಆಮೇಲೆ ತಿಳಿಸಿ ಹೇಳಿದರು. "ಇದ್ ಮಿಕ್ಸಿ ಜಾತಿದ್ ಮಂಜಣ್ಣ. ಭಾರ ಇಲ್ದಿರೆ ಹುಚ್ಚ್ ಹಿಡ್ದಂಗೆ ಓಡತ್ತ್. ಭಾರ ಬಿದ್ರೆ ಕೂತ್ಕಂತ್ತ್. ಈ ಎರಡ್ ಸಪೂರ ವೈರ್ ಕಾಣಿ. 'ನಾನ್ ಇಷ್ಟ್ ಜೋರ್ ಹೋತಾ ಇದ್ದೆ, ನಂಗೆ ಇಷ್ಟ್ ಕಷ್ಟ ಆತಾ ಇತ್ತ್' ಅಂತ ಮೋಟಾರ್ ಹೇಳೂದ್ ಇದ್ರಂಗೇ. ಅದ್ನ ಕೇಂಡ್ಕಂಡ್ ಕರೆಂಟ್ ಹೆಚ್ಚು ಕಮ್ಮಿ ಮಾಡುಕೆ ಒಂದ್ ಕಂಟ್ರೋಲರ್ ಬೇಕ್. ಕೇಂಬೋರ್ ಇಲ್ದಿರೆ ಸುಟ್ಟ್ ಹೋತ್ತ್."

ಬಹಳ ಒಳ್ಳೆಯ ಮಾತು. ಎರಡೂ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

"ಎಲ್ಲ್ ಸಿಕ್ಕತ್ತ್ ಅದ್?"

"ತರ್ಸುಕೆ ಎರಡ್ ವಾರ ಬೇಕ್. ಹೊಸತ್ ಎಂತಕ್ಕೆ? ನಿಮ್ಮ ಮಷಿನಂಗೇ ಇರತ್ತಲೆ. ಗುಂಡಿ ಇಪ್ಪ ಪಟ್ಟಿ ಹಿಂದೆ ಒಂದ್ ಹಸಿರ್ ಪ್ಲೇಟ್. ಅದೇ ಕಂಟ್ರೋಲರ್."

ನಾನು ಗೋಪಾಲಣ್ಣನ ಅಂಗಡಿಯ ಮಾಡನ್ನು ನೋಡಿದೆ. ಹಂಚುಗಳನ್ನು ಎಣಿಸಿದೆ. ಆಮೇಲೆ, "ಅದ್ ಮನೆಯಂಗ್ ಇತ್ತ್, ನಾಳೆ ತತ್ತೆ" ಎಂದು ಗಂಭೀರವಾಗಿ ಹೇಳಿ ಹೊರಗೆ ಬಂದೆ.

ನಮ್ಮೂರ ಗುಜರಿಯವನನ್ನು ಹುಡುಕಿ ಹಿಡಿದರೆ, ಅವನು ಎಲ್ಲ ಮಾಲನ್ನೂ ಬ್ರಹ್ಮಾವರದ ದೊಡ್ಡ ಗುಜರಿಗೆ ಹಾಕಿಯಾಗಿತ್ತು. "ನಾನ್ ಕೇಂಡಿದ್ದೆ ಅಲ್ದಾ ಅಣ್ಣ, ಬ್ಯಾಡ್ವಾ ಅಂತ?" ಎಂದ. ಆ ಪ್ರಾಮಾಣಿಕತೆ ಈಗ ನನಗೆ ಸ್ವಲ್ಪವೂ ಇಷ್ಟವಾಗಲಿಲ್ಲ.

ಬ್ರಹ್ಮಾವರದ ಗುಜರಿ ಅಂಗಡಿಯ ಹಿಂದೆ ಒಂದು ಗುಡ್ಡವೇ ಇತ್ತು. ಮಿಕ್ಸಿ, ಟಿವಿ, ಸೈಕಲ್ಲು, ಕೈ ಮುರಿದ ಫ್ಯಾನು. ಬಿಸಿಲಿನಲ್ಲಿ ಮೂರು ಗಂಟೆ ಆ ಗುಡ್ಡ ಅಗೆದೆ. ಹಸಿರು ಪ್ಲೇಟುಗಳು ಸಿಕ್ಕಿದ್ದು ಒಂದಲ್ಲ, ಒಂದು ಗೋಣಿ! ಯಾವುದು ನಮ್ಮದು? ಕೊನೆಗೆ ಒಂದು ಪಟ್ಟಿಯ ಮೇಲೆ, ತಿರುಗಿಸುವ ಗುಂಡಿಯ ಪಕ್ಕದಲ್ಲಿ, ಒಂದು ಕೆಂಪು ಸ್ಟಿಕ್ಕರ್ ಬೊಟ್ಟು ಕಂಡಿತು. ಗಿರಿಜೆ ದಿನಾ ತಿರುಗಿಸಬೇಕಾದ ಜಾಗಕ್ಕೆ ಗುರುತು ಸಿಗಲಿ ಎಂದು ತನ್ನ ಹಣೆಯದ್ದನ್ನೇ ತೆಗೆದು ಅಂಟಿಸಿದ್ದ ಬೊಟ್ಟು. ಆ ಗುಜರಿಯ ನಡುವೆ ಕೂತು ನನಗೆ ಕಣ್ಣು ತುಂಬಿ ಬಂತು. ಹೆಂಡತಿಯ ಕುಂಕುಮ ಗಂಡನನ್ನು ಕಾಯುತ್ತದೆ ಎಂದು ಕೇಳಿದ್ದೆ, ಈ ರೀತಿ ಎಂದು ಗೊತ್ತಿರಲಿಲ್ಲ.

ಅದೇ ಗುಡ್ಡದಲ್ಲಿ ಒಂದು ಹಳೆಯ ಕಬ್ಬಿನ ಹಾಲು ತೆಗೆಯುವ ಯಂತ್ರವೂ ಸಿಕ್ಕಿತು. ದೊಡ್ಡ ದೊಡ್ಡ ಹಲ್ಲಿನ ಚಕ್ರಗಳು. ವೇಗ ತಗ್ಗಿಸಿ ಬಲ ಹೆಚ್ಚಿಸುವುದಕ್ಕೆ ಇದಕ್ಕಿಂತ ಬೇಕೆ? ಕಬ್ಬು ಹೋಗುವ ರೋಲಿಗೆ ಹಗ್ಗ ಸುತ್ತಿದರೆ ದೋಣಿ ಬಾರದೆ ಇರುತ್ತದೆಯೇ? ಅದನ್ನೂ ತೆಗೆದುಕೊಂಡೆ. ಬಸ್ಸಿನ ಕಂಡಕ್ಟರ್ ಅದನ್ನು ನೋಡಿ, "ಅಣ್ಣ, ನಿಮ್ಗೆ ಲಾರಿ ಸಿಕ್ಕಿಲ್ಯಾ?" ಎಂದ.

ಗೋಪಾಲಣ್ಣ ಎಲ್ಲವನ್ನೂ ಒಂದು ಮರದ ಚೌಕಟ್ಟಿನ ಮೇಲೆ ಜೋಡಿಸಿಕೊಟ್ಟರು. ಮೋಟಾರಿನಿಂದ ಬೆಲ್ಟು, ಬೆಲ್ಟಿನಿಂದ ಗಾಲಿ, ಗಾಲಿಯಿಂದ ಕಬ್ಬಿನ ಯಂತ್ರ. ಏಳು ವೈರಿಗೂ ಅದರದರ ಜಾಗ ಸಿಕ್ಕಿತು. ಜೋಡಿಸುತ್ತಾ ಹೇಳಿದರು:

"ಮಂಜಣ್ಣ, ಒಂದ್ ಮಾತ್. ಈ ಪ್ಲೇಟಿಗೆ ಬಟ್ಟೆ ಒಗೂದ್ ಬಿಟ್ರೆ ಬೇರೆ ಎಂತದೂ ಗೊತ್ತಿಲ್ಲೆ. ಬಾಗ್ಲ್ ಹಾಕಿದ್ಯಾ ಅಂತ ಕೇಣತ್ತ್. ಅದಕ್ಕೆ ವೈರ್ ಸೇರ್ಸಿ ಸುಳ್ಳ್ ಹೇಳಿದ್ದೆ. ನೀರ್ ತುಂಬಿತ್ತಾ ಅಂತ ಕೇಣತ್ತ್. ಈ ಸಣ್ಣ ಪೈಪಿಗೆ ಬಾಯಿಂದ ಊದಿ ಹಿಡ್ಕಂಡ್ರೆ ನೀರ್ ತುಂಬಿತ್ ಅಂತ ನಂಬತ್ತ್. ಊದೂದ್ ನಿಲ್ಸಿರೆ ಅದೂ ನಿಲ್ಲತ್ತ್."

"ಊದೂದಲ್ದಾ? ಅದ್ ನಂಗ್ ಬಿಡಿ" ಎಂದೆ. ನನ್ನ ಹೆಂಡತಿಯ ಅಭಿಪ್ರಾಯದಲ್ಲಿ ನನಗೆ ಬರುವ ವಿದ್ಯೆ ಅದೊಂದೇ.

ಶನಿವಾರ ಬೆಳಿಗ್ಗೆ ಏಳೂವರೆಗೆ ಯಂತ್ರವನ್ನು ಕಡಲ ಬದಿಯ ಬಲೆ ಶೆಡ್ಡಿನ ಮುಂದೆ, ಹೊಯ್ಗೆಯ, ಅಂದರೆ ಮರಳಿನ, ಇಳಿಜಾರಿನ ಮೇಲ್ತುದಿಯಲ್ಲಿ ಸ್ಥಾಪಿಸಿದೆ. ಶೆಡ್ಡಿನಿಂದ ಕರೆಂಟು ಎಳೆದೆ. ವೈರನ್ನು ಮುಂದಾಲೋಚನೆಯಿಂದ ಬಹಳ ಉದ್ದ ಬಿಟ್ಟಿದ್ದೆ. ಪಕ್ಕದಲ್ಲಿ ಮೀನು ಒಣಗಿಸುತ್ತಿದ್ದ ಪುಟ್ಟಕ್ಕ, ನಮ್ಮ ಕೇರಿಯ ಹಿರಿಯ ಹೆಂಗಸು, ಸೊಂಟಕ್ಕೆ ಕೈಯಿಟ್ಟು ಇದನ್ನೆಲ್ಲ ನೋಡುತ್ತಾ ನಿಂತರು.

"ಮಂಜಣ್ಣ, ಇದನ್ನ್ ಯಾವ್ದಾರೂ ಮರಕ್ಕೆ ಕಟ್ಟಿದ್ರ್ಯಾ?"

"ಕಬ್ಬಿಣ ಪುಟ್ಟಕ್ಕ! ಅದರ ಭಾರಕ್ಕೆ ಅದೇ ನಿಂತ್ಕಂತ್ತ್" ಎಂದೆ. ಕಡಲ ಬದಿಯ ಹೆಂಗಸರಿಗೆ ಎಂಜಿನಿಯರಿಂಗ್ ಎಲ್ಲಿಂದ ಬರಬೇಕು!

ಭಾವನ ದೋಣಿ ದಡಕ್ಕೆ ಬಂತು. ಅವರು ಇಳಿದು, ಯಂತ್ರವನ್ನು ಕಂಡು, ಬಾಯಿ ಬಿಟ್ಟರು. "ಇದೆಂತ ಭಾವ? ಕಬ್ಬಿನ್ ಹಾಲಿನ ಅಂಗಡಿ ಇಡ್ತ್ರ್ಯಾ?"

"ನೀವ್ ದೋಣಿಯಂಗೇ ಕೂಕಣಿ ಭಾವ. ನಾಳೆ ದೋಣಿ ಕೊಡೂಕಿಲ್ಲೆ. ಇನ್ನ್ ಎಳೂಕೆ ಯಾರೂ ಬ್ಯಾಡ!" ಎಂದು ಹೇಳಿ ಹಗ್ಗದ ಕೊಕ್ಕೆಯನ್ನು ದೋಣಿಯ ಮೂತಿಗೆ ಸಿಕ್ಕಿಸಿದೆ. ಅವರ ಮುಖದಲ್ಲಿ ಏನೋ ಒಂದು ಹಾದುಹೋಯಿತು. ಸಂತೋಷ ಎಂದುಕೊಂಡೆ ನಾನು.

ಹೊಯ್ಗೆಯ ಮೇಲೆ ಕವುಚಿ ಮಲಗಿ, ಪೈಪನ್ನು ಬಾಯಿಗೆ ಹಿಡಿದು ಊದಿದೆ. ಅಣ್ಣನ ದೋಣಿಗಾಗಿ ಸಿಟ್ಟು ಮರೆತು ಬಂದಿದ್ದ ಗಿರಿಜೆ ಗುಂಡಿ ಒತ್ತಿದಳು. ಯಂತ್ರ ಕ್ಲಿಕ್ ಎಂದಿತು. ನೀರು ತುಂಬಿದೆ ಎಂದು ನಂಬಿತು. ಹಲ್ಲಿನ ಚಕ್ರಗಳು ಕಟಕಟ ಎಂದವು, ಹಗ್ಗ ಬಿಗಿಯಾಯಿತು, ಮತ್ತು ನನ್ನ ಕಣ್ಣೆದುರೇ ದೋಣಿ ಒಂದು ಮೊಳ ಮೇಲೆ ಬಂತು!

ಗಿರಿಜೆ ಚಪ್ಪಾಳೆ ತಟ್ಟಿದಳು. ನನ್ನ ಜೀವನದಲ್ಲಿ ಅಂಥ ಗಳಿಗೆ ಇನ್ನೊಂದಿಲ್ಲ. ಬಾಯಲ್ಲಿ ಪೈಪು ಇದ್ದುದರಿಂದ ನಗಲು ಆಗಲಿಲ್ಲ, ಕಣ್ಣಿನಲ್ಲೇ ನಕ್ಕೆ.

ಯಂತ್ರ ನಿಂತಿತು. ಸ್ವಲ್ಪ ಯೋಚಿಸಿತು. ಆಮೇಲೆ ಹಿಂದಕ್ಕೆ ತಿರುಗಿತು!

ಬಟ್ಟೆ ಒಗೆಯುವಾಗ ಅದು ಹಾಗೆಯೇ ಅಲ್ಲವೇ? ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ. ಹಗ್ಗ ಸಡಿಲವಾಯಿತು, ಒಂದು ತೆರೆ ಬಂತು, ದೋಣಿ ಒಂದೂವರೆ ಮೊಳ ಕೆಳಗೆ ಹೋಯಿತು. ಯಂತ್ರ ಮತ್ತೆ ನಿಂತು, ಮತ್ತೆ ಯೋಚಿಸಿ, ಮತ್ತೆ ಎಳೆಯಿತು. ಮೇಲೆ ಒಂದು ಮೊಳ. ಕೆಳಗೆ ಒಂದೂವರೆ ಮೊಳ. ದೋಣಿಯ ಎರಡೂ ಅಂಚು ಹಿಡಿದು ಕೂತ ಭಾವ ಮುಂದಕ್ಕೆ ಬಾಗುತ್ತಿದ್ದರು, ಹಿಂದಕ್ಕೆ ವಾಲುತ್ತಿದ್ದರು. ನನ್ನ ಯಂತ್ರ ನನ್ನ ಭಾವನನ್ನು ದೋಣಿಯ ಸಮೇತ ಒಗೆಯುತ್ತಿತ್ತು!

"ಹ್ವಾಯ್! ಯಾವ್ದಕ್ಕೆ ಇಟ್ಟಿರಿ ಇದನ್ನ್?" ಗಿರಿಜೆ ಕೂಗಿದಳು.

ನಾಜೂಕು ಬಟ್ಟೆಗೆ ಇಟ್ಟಿದ್ದೆ. ಹಳೆಯ ದೋಣಿ, ಮರ ಬಿರಿಯಬಾರದು ಎಂದು. ಆದರೆ ಹೇಳುವುದು ಹೇಗೆ? ಬಾಯಿ ತೆಗೆದರೆ ನೀರು ಖಾಲಿ! ಕೈಯಲ್ಲಿ ಸೀರೆ ಹಿಂಡುವ ಅಭಿನಯ ಮಾಡಿ ತೋರಿಸಿದೆ. ಅವಳಿಗೆ ಅರ್ಥವಾಗಲಿಲ್ಲ. ಪುಟ್ಟಕ್ಕನಿಗೆ ಅರ್ಥವಾಯಿತು. ಅವರು ಮೀನಿನ ಬುಟ್ಟಿ ಕೆಳಗಿಟ್ಟು ಕೇರಿಯ ಕಡೆಗೆ ತಿರುಗಿ, "ಬನ್ನಿನಿ ಎಲ್ಲರೂ! ಮಂಜಣ್ಣ ದೋಣಿ ಒಗೀತಾ ಇದ್ರ್!" ಎಂದು ಕೂಗಿದರು.

ಜನ ಬಂತು. ಬಲೆ ಬಿಡಿಸುತ್ತಿದ್ದವರು, ಹಲ್ಲುಜ್ಜುತ್ತಿದ್ದವರು, ಸೊಂಟದಲ್ಲಿ ಮಗು ಎತ್ತಿಕೊಂಡವರು. ಇಪ್ಪತ್ತು ಜನಕ್ಕೆ ಕಡಿಮೆಯಿಲ್ಲ. ಅವರ ಎದುರಿನಲ್ಲಿ ಹೊಯ್ಗೆಗೆ ಮೂಗು ಹಚ್ಚಿ ಪೈಪು ಊದುತ್ತಾ ಮಲಗಿದ್ದಾಗ ನನಗೆ ಜ್ಞಾನೋದಯವಾಯಿತು. ಒಗೆಯುವಾಗ ತಾನೆ ಎರಡು ಕಡೆ ತಿರುಗುವುದು? ಹಿಂಡುವಾಗ ಒಂದೇ ಕಡೆ! ನೀರೂ ಬೇಡ, ಊದುವುದೂ ಬೇಡ!

ಪೈಪನ್ನು ಉಗಿದು ಎದ್ದು, ಗುಂಡಿಯನ್ನು ಕೊನೆಗೆ, ಬರೀ ಹಿಂಡುವ ಜಾಗಕ್ಕೆ ತಿರುಗಿಸಿದೆ.

ಮೊದಲು ನಿಧಾನವಾಗಿ ಎಳೆಯಿತು. ದೋಣಿ ಎರಡು ಮೊಳ ಬಂತು, ಮೂರು ಮೊಳ ಬಂತು, ಜನ "ಹೋ" ಎಂದರು. ಅಲ್ಲಿ ದೋಣಿಯ ಹೊಟ್ಟೆ ಹೊಯ್ಗೆಯಲ್ಲಿ ಕಚ್ಚಿಕೊಂಡಿತು. ಭಾರ ಬಿತ್ತು. ಭಾರ ಬಿದ್ದಿದೆ ಎಂದು ಮೋಟಾರು ಹೇಳಿತು, ಪ್ಲೇಟು ಕೇಳಿತು, ಇದ್ದ ಕರೆಂಟನ್ನೆಲ್ಲ ಕೊಟ್ಟಿತು. ಹಿಂಡುವ ಹೊತ್ತಿಗೆ ಅದಕ್ಕೆ ದಯೆದಾಕ್ಷಿಣ್ಯ ಇಲ್ಲ. ದೋಣಿ ಮೇಲೆ ಬರಲಿಲ್ಲ. ಆದ್ದರಿಂದ ಯಂತ್ರ ಕೆಳಗೆ ಹೋಯಿತು!

ಹೌದು, ಹೋಯಿತು. ಚೌಕಟ್ಟಿನ ಸಮೇತ, ಹಗ್ಗವನ್ನು ತಾನೇ ನುಂಗುತ್ತಾ, ಇಳಿಜಾರಿನಲ್ಲಿ ಜಾರುತ್ತಾ, ಕಡಲಿನ ಕಡೆಗೆ ಹೊರಟಿತು. ನಾನು ಅಡ್ಡ ನಿಂತೆ. ಅಷ್ಟು ಹೊತ್ತಿನಿಂದ ಬಟ್ಟೆ ಬಟ್ಟೆ ಎಂದು ಹಂಬಲಿಸುತ್ತಿದ್ದ ಆ ಯಂತ್ರಕ್ಕೆ ಕೊನೆಗೂ ಒಂದು ಬಟ್ಟೆ ಸಿಕ್ಕಿತು. ಅದು ನನ್ನ ಲುಂಗಿ. ಗಾಲಿ ಅದನ್ನು ಸರಕ್ಕನೆ ಎಳೆದುಕೊಂಡು, ಸುತ್ತಿ, ಹಿಂಡಿ, ನನ್ನನ್ನು ಗೀಟಿನ ಚಡ್ಡಿಯಲ್ಲಿ ಸಮಸ್ತ ಗ್ರಾಮಸ್ಥರ ಮುಂದೆ ಬಿಟ್ಟು ಮುಂದುವರಿಯಿತು. ಗಿರಿಜೆ ಶೆಡ್ಡಿಗೆ ಓಡಿ ಸ್ವಿಚ್ ತೆಗೆದಳು. ಅದೊಂದು ಆಗದಿದ್ದರೆ ಅದು ದೋಣಿಯನ್ನೂ ಹತ್ತುತ್ತಿತ್ತು. ದೋಣಿಯ ಮೂತಿಗೆ ಡಿಕ್ಕಿ ಹೊಡೆದು ನಿಂತ ಯಂತ್ರದ ಮೇಲೆ ಒಂದು ತೆರೆ ಬಂದು ಹೋಯಿತು. ಕಡೆಗೂ ನೀರು ತುಂಬಿತು.

ಮೊದಲು ನಕ್ಕದ್ದು ಭಾವ. ದೋಣಿಯೊಳಗೇ ಹೊಟ್ಟೆ ಹಿಡಿದು ಕುಸಿದರು. ಎಷ್ಟೋ ತಿಂಗಳಿಂದ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ. ಆಮೇಲೆ ಇಡೀ ಕಡಲ ಬದಿ ನಕ್ಕಿತು. ನಗುತ್ತಲೇ ನಾಲ್ಕು ಜನ ಯಂತ್ರವನ್ನು ಪಕ್ಕಕ್ಕೆ ಹೊತ್ತು ಹಾಕಿದರು. ನಗುತ್ತಲೇ ಉಳಿದವರು ದೋಣಿಗೆ ಕೈ ಹಾಕಿದರು. ಯಾರೂ ಯಾರಿಗೂ ಹೇಳಲಿಲ್ಲ. ಒಂದು ಕೂಗು, ಎರಡು ಕೂಗು, ಮೂರನೆಯ ಕೂಗಿಗೆ ದೋಣಿ ಶೆಡ್ಡಿನ ಮುಂದೆ ಇತ್ತು. ನಾನು ಎಂಟು ದಿನ ಹುಡುಕಿದ್ದು ಇಷ್ಟಕ್ಕಾಗಿಯೇ ಎಂದು ಚಡ್ಡಿಯಲ್ಲಿ ನಿಂತು ನೋಡಿದೆ.

ಆದರೆ ಭಾವನ ನಗು ನಿಂತುಹೋಗಿತ್ತು. ಅವರು ದೋಣಿಯಿಂದ ಬುಟ್ಟಿ ತೆಗೆದು ಅದನ್ನೇ ನೋಡುತ್ತಾ ನಿಂತಿದ್ದರು. ತಳದಲ್ಲಿ ಎಂಟು ಬಂಗ್ಡೆ ಮೀನು. ಸುತ್ತ ಇಪ್ಪತ್ತು ಜನ.

"ಭಾವ," ಅವರು ಮೆಲ್ಲಗೆ ನನಗೊಬ್ಬನಿಗೇ ಹೇಳಿದರು, "ಇದಕ್ಕೇ ನಾನ್ ಯಾರನ್ನೂ ಕರೀದೆ ಇಪ್ಪುದ್. ದೋಣಿಗೆ ಕೈ ಹಾಕ್ದೋರಿಗೆ ಒಂದ್ ಸಾರಿಗ್ ಆಪಷ್ಟ್ ಮೀನ್ ಕೊಡ್ಕ್. ಅಪ್ಪಯ್ಯನ ಕಾಲದಿಂದ ಹಾಂಗೇ. ಈ ವರ್ಷ ಬಪ್ಪುದೇ ಇಷ್ಟ್. ಕರ್ದ್, ಬರಿಗೈಯಂಗ್ ಕಳ್ಸುದ್ ಹೆಂಗೆ?"

"ಮತ್ತೆ ಇಷ್ಟ್ ದಿನ?"

"ಯಾರನ್ನೂ ಕರೀದೆ ನಾನೊಬ್ನೇ ಒಂಚೂರ್ ಒಂಚೂರೇ ತಳ್ಕಂಡ್ ತಂದೆ. ಈಗ ಭುಜ ಆತಿಲ್ಲೆ."

ನನಗೆ ನಾಚಿಕೆಯಾಯಿತು. ಚಡ್ಡಿಗಲ್ಲ. ಜನ ಇಲ್ಲ ಎಂದು ಅವರು ಹೇಳಿದ ದಿನ ಒಂದು ಗಳಿಗೆ ಆ ಜಗಲಿಯಲ್ಲಿ ಕೂತಿದ್ದರೆ, ಯಾಕೆ ಭಾವ ಎಂದು ಇನ್ನೊಂದು ಸಲ ಕೇಳಿದ್ದರೆ, ಅವರು ಹೇಳುತ್ತಿದ್ದರು. ಗಿರಿಜೆ ಕೇಳಿ ಎಂದಳು. ನಾನು ಏಳು ವೈರಿನ ಕಷ್ಟ ಕೇಳಿಕೊಂಡು ಹೆಮ್ಮಾಡಿ, ಬ್ರಹ್ಮಾವರ ಅಲೆದೆ. ನಾಲ್ಕು ಮನೆಯಾಚೆಯ ಮನುಷ್ಯನ ಕಷ್ಟ ಕೇಳಲು ನನಗೆ ಪುರಸೊತ್ತಿರಲಿಲ್ಲ.

ಪುಟ್ಟಕ್ಕನ ಕಿವಿ ಬಹಳ ಚುರುಕು. ಮುಂದೆ ಬಂದು ಭಾವನನ್ನು ದಬಾಯಿಸಿದರು.

"ಎಂತ ಹೇಳ್ದೆ ಶೀನ? ಮೀನಿಲ್ಲೆ ಅಂತ ಕರೂದ್ ಬಿಟ್ಯಾ? ನಿಂಗೆ ನಮ್ಮೇಲೆ ಎಂತದೋ ಸಿಟ್ಟ್ ಅಂದ್ಕಂಡ್ ನಾವ್ ದೂರ ನಿಂತದ್! ಕರೀದೆ ಕೈ ಹಾಕೂಕೆ ಬಂದ್ರೆ, ಮೀನಿಗ್ ಬಂದ್ರ್ ಅಂತ ನೀ ಹೇಳ್ತ್ಯೇನೋ ಅಂತ ನಮ್ಗೂ ಮರ್ಯಾದಿ ಇಲ್ಯಾ?"

ಆಹಾ, ನಮ್ಮೂರಿನವರೇ! ಮೀನಿಲ್ಲದೆ ಕರೆಯಲು ಇವರಿಗೆ ನಾಚಿಕೆ. ಕರೆಯದೆ ಬರಲು ಅವರಿಗೆ ನಾಚಿಕೆ. ಈ ಇಬ್ಬರ ಮರ್ಯಾದೆಯ ನಡುವೆ ಒಂದು ಒಳ್ಳೆಯ ದೋಣಿ ಹೂವಿನ ಕುಂಡವಾಗಲು ಹೊರಟಿತ್ತು.

"ಮತ್ತೆ ಈಗ್ಳ್ ಬಂದದ್ ಎಂತಕ್ಕೆ?" ಭಾವ ತಲೆ ತಗ್ಗಿಸಿ ಕೇಳಿದರು.

"ಈಗ್ಳ್ ಬಂದದ್ ನಿನ್ನ ದೋಣಿಗಲ್ಲ. ಮಂಜಣ್ಣನ್ನ ಕಾಂಬುಕೆ" ಎಂದು ಪುಟ್ಟಕ್ಕ ತಮ್ಮ ಬುಟ್ಟಿಯಿಂದ ಎರಡು ಹಿಡಿ ಒಣ ಮೀನು ತೆಗೆದು ನನ್ನ ಮುಂದೆ ಹಿಡಿದರು. "ತಕಣಿ. ಇಷ್ಟ್ ನಗಾಡದೆ ಬಾಳ ದಿನ ಆಯಿತ್ತ್." ಮೂವತ್ತೊಂದು ವರ್ಷದ ಸೇವೆಗೆ ಸಿಕ್ಕಿದ ಹಾರವನ್ನೂ ನಾನು ಇಷ್ಟು ವಿನಯದಿಂದ ತೆಗೆದುಕೊಂಡಿರಲಿಲ್ಲ. ಎರಡೂ ಕೈ ಒಡ್ಡಬೇಕಾಯಿತು, ಒಡ್ಡಲು ಲುಂಗಿಯ ಮಡಿಲು ಇರಲಿಲ್ಲವಲ್ಲ!

ಆಯ್ತಾರ ರೆಸಾರ್ಟಿನವರು ಪಿಕಪ್ಪು ತಂದರು. ಭಾವ ಅಂಗಳದಲ್ಲೇ ನಿಂತು, "ದೋಣಿ ಕೊಡೂಕಿಲ್ಲೆ, ನಂಗೆ ಕಡಲಿಗೆ ಹೋಯ್ಕ್" ಎಂದು ಹೇಳಿ ಕಳಿಸಿದರು. ಗಿರಿಜೆ ಆ ದಿನ ನನಗೆ ಎರಡು ಸಲ ಅನ್ನ ಬಡಿಸಿದಳು. ಮಾತು ಮಾತ್ರ ಒಂದೇ ಸಲ ಆಡಿದಳು, ಅದೂ ಹೊಸ ಪೆಡಲ್ ಯಾವಾಗ ತರುತ್ತೀರಿ ಎಂದು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ನಾನು ಹಲ್ಲುಜ್ಜುತ್ತಿದ್ದೆ. ಕಡಲ ಕಡೆಯಿಂದ ಒಂದು ಕೂಗು ಬಂತು. "ಹ್ವಾಯ್! ಒಂದ್ ಕೈ ಹಾಕಿನಿ!" ಭಾವನ ಸ್ವರ! ಎಷ್ಟು ಕಾಲವಾಗಿತ್ತು ಅದನ್ನು ಕೇಳಿ. ಗಿರಿಜೆ ಅಡುಗೆ ಮನೆಯಿಂದ ಸೌಟು ಹಿಡಿದೇ ಹೊರಗೆ ಬಂದಳು. ನಾನು ಬಾಯಿಯ ನೊರೆಯನ್ನೂ ಉಗಿಯದೆ, ಲುಂಗಿಯನ್ನು ಎರಡು ಗಂಟು ಹಾಕಿ ಕಟ್ಟಿ, ತೆಂಗಿನ ಬುಡಗಳನ್ನು ದಾಟಿ ಓಡಿದೆ. ಈ ಸಲ ಮೋಟಾರಿಲ್ಲ, ಪ್ಲೇಟಿಲ್ಲ, ನನ್ನ ಎರಡು ಕೈ ಮಾತ್ರ!

ಹೋಗಿ ನೋಡಿದರೆ ದೋಣಿ ಆಗಲೇ ಶೆಡ್ಡಿನ ಮುಂದೆ ಇತ್ತು. ಹದಿನಾಲ್ಕು ಜನ ಸುತ್ತ ನಿಂತು ಉಸಿರು ಬಿಡುತ್ತಿದ್ದರು. ಭಾವ ಬುಟ್ಟಿಯನ್ನು ಬಚ್ಚಿಡದೆ ಎಲ್ಲರಿಗೂ ಕಾಣುವ ಹಾಗೆ ಇಟ್ಟಿದ್ದರು. ಹತ್ತೋ ಹನ್ನೊಂದೋ ಮೀನು. ಯಾರೂ ಅದರ ಕಡೆ ನೋಡಲೂ ಇಲ್ಲ.

"ಎಂತ ಭಾವ, ನಾನ್ ಬಪ್ಪು ತನ್ಕ ಒಂಚೂರ್ ಕಾಯೂಕ್ ಆತಿಲ್ಯಾ?" ಎಂದೆ ಏದುಸಿರು ಬಿಡುತ್ತಾ.

ಭಾವ ನನ್ನ ಬಾಯಿಯ ನೊರೆಯನ್ನೂ, ಎರಡು ಗಂಟಿನ ಲುಂಗಿಯನ್ನೂ ನೋಡಿ, ಪ್ರೀತಿಯಿಂದಲೇ ಹೇಳಿದರು: "ನಾನ್ ಕರ್ದದ್ ಜನರನ್ನ್ ಭಾವ, ನಿಮ್ಮನ್ನಲ್ಲ."

ಹದಿನಾಲ್ಕು ಜನರೂ ನಕ್ಕರು. ನಾನೂ ನಕ್ಕೆ. ಇಷ್ಟು ಬೇಡವಾದವನಾಗಿ ಇಷ್ಟು ಸಂತೋಷಪಟ್ಟದ್ದು ನನಗೆ ನೆನಪಿಲ್ಲ.